ಚೀಟಿಯಲ್ಲಿ ಬರೆದ ಶಾಲೆ

ಡಾಕ್ಟರಾದವಳು ಶಾಲೆ ತೆರೆದರೆ ನಗೆಪಾಟಲು ತಪ್ಪಿದ್ದಲ್ಲ. ಎಪ್ಪತ್ತರ ದಶಕದಲ್ಲಿ ಹೊಸೂರಿನ ಕ್ಲಿನಿಕ್ ಮುಚ್ಚಿ, ತಮಿಳುನಾಡಿಗೇ ಸೇರಿದ ಅಂಚೆಟ್ಟಿ ಕಾಡಂಚಿನ ಕನ್ನಡದ ಹಳ್ಳಿಯೊಂದರಲ್ಲಿ ಆಸ್ಪತ್ರೆ, ಪಕ್ಕದಲ್ಲೇ ಶಾಲೆ ಮಾಡಿಕೊಂಡು ಕೂತ ಮೇಲೆ ನನಗೆ ಇಂಥವು ಬೇಕಾದಷ್ಟು ಆಗಿವೆ. ಎಲ್ಲವನ್ನೂ ನಗುತ್ತ ಹೇಳಬಲ್ಲೆ. ಒಬ್ಬ ರೈತನ ವಿಷಯ ಮಾತ್ರ ಕಷ್ಟ.

೧. ಚೀಟಿ

ಆತ ಜ್ವರ ಬಂದ ಮಗಳನ್ನು ಹೊತ್ತು ತಂದಿದ್ದ. ಎಂಟರ ಹುಡುಗಿ, ನರಳುತ್ತಲೇ ನನ್ನ ಮೇಜಿನ ಮೇಲಿನ ಮಾತ್ರೆಗಳನ್ನು ಎಣಿಸುತ್ತಿದ್ದಳು.

"ಇವಳನ್ನು ಶಾಲೆಗೆ ಕಳಿಸಪ್ಪ" ಅಂದೆ.

"ಕುರಿ ಯಾರ್ ಕಾಯ್ತಾರೆ ಡಾಕ್ಟ್ರಮ್ಮ?"

ನನ್ನ ಮಾತಿಗಿಲ್ಲದ ಬೆಲೆ ನನ್ನ ಚೀಟಿಗಿತ್ತು. ಮಾತ್ರೆಯ ಹೆಸರಿನ ಕೆಳಗೆ 'ಶಾಲೆ, ದಿನಕ್ಕೊಂದು ಸಲ' ಎಂದು ಬರೆದು ಓದಿ ಹೇಳಿದೆ. ಆತ ಗಂಭೀರವಾಗಿ ತಲೆಯಾಡಿಸಿ ಕೇಳಿದ: "ಊಟಕ್ ಮುಂಚೇನಾ, ಊಟ ಆದ್ಮೇಲಾ?"

೨. ವಾಸಿ

ಹುಡುಗಿ ಐದನೇ ತರಗತಿಯವರೆಗೆ ಓದಿದಳು. ತಮಿಳು ಬೋರ್ಡಿನ ಬಸ್ಸು ಬಂದರೆ ಅಪ್ಪನಿಗೆ ಊರಿನ ಹೆಸರು ಓದಿ ಹೇಳುತ್ತಿದ್ದಳು. ಒಂದು ದಿನ ಅವಳು ಶಾಲೆಗೆ ಬರುವುದು ನಿಂತಿತು. ಅವರ ಮನೆಗೇ ಹೋಗಿ ರೇಗಿದೆ.

"ಇಷ್ಟ್ ವರ್ಸ ಒಂದ್ ಜ್ವರ ಬಂದಿಲ್ಲ. ವಾಸಿಯಾದ್ಮೇಲೂ ಯಾರಾದ್ರೂ ಮದ್ದು ತಗತಾರಾ?" ಅಂದ.

ಕೋಪ ಹೋಗಿ ನಗು ಬಂತು. ನಕ್ಕು, ಮಜ್ಜಿಗೆ ಕುಡಿದು ಎದ್ದು ಬಂದೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

೩. ದಾಖಲಾತಿ

ಹದಿನೈದಕ್ಕೆ ಅವಳನ್ನು ಬೆಟ್ಟದಾಚೆ ಮದುವೆ ಮಾಡಿ ಕೊಟ್ಟ. ಮರುವರ್ಷ ಹೆರಿಗೆ ನೋವು ಬಂದಾಗ ಬಸ್ಸಿರಲಿಲ್ಲ. ಕಂಬಳಿಯ ಜೋಲಿ ಕಟ್ಟಿ ಹೊತ್ತು ತಂದರು. ಮಗು ಉಳಿಯಿತು. ಅವಳು ನನ್ನ ಕೈಯಲ್ಲೇ ಹೋದಳು.

ಮೂರು ತಿಂಗಳ ಮೇಲೆ ಆತ ಮೊಮ್ಮಗಳನ್ನೆತ್ತಿಕೊಂಡು ಶಾಲೆಯ ಬಾಗಿಲಿಗೆ ಬಂದ. "ಇವಳ್ನ ಸೇರುಸ್ಕೊಳ್ಳಿ" ಅಂದ.

ಹುಟ್ಟಿದ ತಾರೀಕು ಗೊತ್ತಿಲ್ಲದ ಮಕ್ಕಳನ್ನು ಸೇರಿಸುವಾಗ ನಾವು ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದೆವು. ಮುಟ್ಟಿದರೆ ಐದು ವರ್ಷ ತುಂಬಿದೆಯೆಂದು ಲೆಕ್ಕ. ಅದು ಅವನಿಗೂ ಗೊತ್ತಿತ್ತು. ಕೂಸಿನ ಕೈ ಹಿಡಿದು ಎಳೆದ. ಅದು ನೆತ್ತಿಯನ್ನೂ ದಾಟಲಿಲ್ಲ. ಮತ್ತೆ ಎಳೆದ, ಕೂಸು ಅತ್ತಿತು. ಮೇಷ್ಟ್ರು ನಕ್ಕರು. ನಾನೂ ನಕ್ಕೆ, ಆದರೆ ಅಳು ತಡೆಯಲಾಗಲಿಲ್ಲ.

"ಇನ್ನೈದು ವರ್ಷ ಬಿಟ್ಟು ಕರ್ಕೊಂಡು ಬಾಪ್ಪ" ಅಂದೆ.

ಆತ ಕದಲಲಿಲ್ಲ. "ಅಷ್ಟೊತ್ಗೆ ನನ್ ಬುದ್ಧಿ ತಿರುಗ ಮೊದಲ್ನಂಗೇ ಆಗ್ಬುಟ್ರೆ? ಈಗ್ಲೇ ಬರ್ಕೊಬುಡಿ ಡಾಕ್ಟ್ರಮ್ಮ."