ಪೂಜೆಯಾದ ಮೇಲಿನ ಜಮಾ

ತಾರೀಖಿನ ವಿಷಯದಲ್ಲಿ ನನ್ನನ್ನು ನಂಬಬೇಡಿ. ನಮ್ಮ ಮದುವೆ ಗುರುವಾರ ಆಯಿತೆಂದು ನಾನು, ಶುಕ್ರವಾರವೆಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತೇವೆ. ಲಗ್ನಪತ್ರಿಕೆ ತೆಗೆದು ನೋಡಬಹುದು. ಆದರೆ ಆಮೇಲೆ ಮಾತಾಡಲು ಏನು ಉಳಿಯುತ್ತದೆ ಎಂಬ ಭಯಕ್ಕೆ ಇಬ್ಬರೂ ಕಪಾಟಿನ ಹತ್ತಿರ ಸುಳಿಯುವುದಿಲ್ಲ. ಇಂಥವನ ಕೈಗೆ ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯವರು ತಮ್ಮ ಹೊಸ ಕಂಪ್ಯೂಟರ್ ಒಪ್ಪಿಸಿದರು. ಎಂಬತ್ತೇಳನೆಯ ಇಸವಿಯೋ ಎಂಬತ್ತೆಂಟೋ. ಎರಡೂ ರೀತಿ ಹೇಳಿದ್ದೇನೆ, ಯಾರೂ ತಡೆದಿಲ್ಲ.

ಕಪ್ಪು ಪರದೆ, ಹಸಿರು ಅಕ್ಷರ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಲೆಕ್ಕ ಬೇಕೆಂದು ಅಕ್ಷರ ಒತ್ತಿ ಹುಕುಂ ಕೊಡಬೇಕು, ಅಷ್ಟರದ್ದೇ ಸೋಸಿ ಕೊಡುತ್ತದೆ. ಬಾಗಲಕೋಟೆಯಲ್ಲಿ ಹದಿನೈದು ದಿನ ಕಲಿತು ಬಂದಿದ್ದೆ. ಆದರೆ ಕಂಪ್ಯೂಟರಿಗೆ ಮೊದಲು ತಿಂಗಳು, ಆಮೇಲೆ ದಿನ ಬೇಕೆಂಬುದನ್ನು ಊರು ಮುಟ್ಟುವುದರೊಳಗೆ ಮರೆತಿದ್ದೆ. ನಾನು ಒತ್ತಿದ ಇಪ್ಪತ್ತೆರಡನೆಯ ತಿಂಗಳನ್ನು ಅದು ಹುಡುಕಿ ಹುಡುಕಿ, ಕೊನೆಗೆ ನಾವು ವರ್ಷವಿಡೀ ಒಂದು ಕಲ್ಲನ್ನೂ ಮಾರಿಲ್ಲವೆಂದು ತೀರ್ಪು ಕೊಟ್ಟಿತು. "ಇದನ್ನ ಹೇಳಾಕ ಇಷ್ಟ್ ರೊಕ್ಕ ಸುರದ್ನೇನು ನಾ?" ಎಂದರು ಕಂಪನಿಯ ಮಾಲಕರಾದ ಸಾವ್ಕಾರ್ರು.

ನಮ್ಮ ಲೆಕ್ಕದ ವರ್ಷ ದೀಪಾವಳಿ ಪಾಡ್ಯದಿಂದ ಮುಂದಿನ ದೀಪಾವಳಿ ಅಮಾವಾಸ್ಯೆಯವರೆಗೆ. ಗೋಡೆಯ ಕ್ಯಾಲೆಂಡರ್ ತಿರುವಿ ಅವೆರಡಕ್ಕೂ ಇಂಗ್ಲಿಷ್ ತಾರೀಖು ಹುಡುಕಿ ಒತ್ತಬೇಕು. ಪಕ್ಕದ ಗಾದಿಯ ಮೇಲೆ ಲಾಲಸಾಬ್ ಚಾಚಾ ಕೂತಿರುತ್ತಿದ್ದರು. ಮೂವತ್ತು ವರ್ಷದಿಂದ ದಿನದಿನದ ಜಮಾ-ಖರ್ಚಿನ ಕಿರ್ದಿ ಬರೆದವರು, ಬರೆದದ್ದರ ಮೇಲೆ ಒಂದು ಕಾಟು ಹೊಡೆದವರಲ್ಲ. ನನ್ನನ್ನು "ತಮ್ಮಾ" ಅನ್ನುತ್ತಿದ್ದರು. ಕಂಪ್ಯೂಟರನ್ನು ಮಾತ್ರ ಹೊಸ ಬೀಗರನ್ನು ನೋಡುವಂತೆ ದೂರದಿಂದ ನೋಡುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದು ಕೆಲವು ವಾರಗಳಲ್ಲಿ ಹಳೆಯ ವರ್ಷ ಗಿರಾಕಿಗಳಿಗೆ ಹರಿದುಕೊಟ್ಟ ಪಾವತಿ ಚೀಟಿಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಒತ್ತಿ ಮುಗಿಸಿದೆ. ಒಟ್ಟು ಜಮಾ ಕೇಳಿದರೆ ಚಾಚಾನ ಕಿರ್ದಿಗಿಂತ ಎರಡು ಸಾವಿರದ ಏಳುನೂರಾ ಐವತ್ತು ರೂಪಾಯಿ ಹೆಚ್ಚು. ರೊಕ್ಕ ಬಂದಿದೆ, ಕಿರ್ದಿಗೆ ಏರಿಲ್ಲ. ಇದರ ಅರ್ಥ ಯಾರನ್ನು ಕೇಳಿದರೂ ಒಂದೇ.

ನಾಲ್ಕು ಅಡಿ ದೂರದಲ್ಲಿದ್ದ ಚಾಚಾನನ್ನು ಕೇಳಬಹುದಿತ್ತು. ಕೇಳಿದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ವರ್ಷವನ್ನು ಎರಡು ತುಂಡು ಮಾಡಿ ಸೋಸಿದೆ. ಮೊದಲರ್ಧ ಸರಿ ಇತ್ತು. ಉಳಿದರ್ಧವನ್ನು ತಿಂಗಳಿಗೆ, ತಿಂಗಳನ್ನು ವಾರಕ್ಕೆ, ವಾರವನ್ನು ದಿನಕ್ಕೆ ಇಳಿಸಿದೆ. ಸಿಕ್ಕಿಬಿದ್ದದ್ದು ಅಮಾವಾಸ್ಯೆಯ ದಿನ: ಅಮೀನಗಡದ ಗಿರಾಕಿಯೊಬ್ಬನ ಒಂದೇ ಪಾವತಿ. ಕಿರ್ದಿಯ ಆ ದಿನದ ಪುಟದಲ್ಲಿ ಅದಿಲ್ಲ. ಕಳ್ಳನನ್ನು ಹಿಡಿದ ಫೌಜದಾರನ ಠೀವಿಯಲ್ಲಿ ಕಾಗದ ಹಿಡಿದು ನೇರ ಸಾವ್ಕಾರ್ರ ಖೋಲಿಗೆ ಹೋದೆ.

ಅವರು ಕಾಗದವನ್ನು ಎರಡು ಸಲ ಓದಿದರು. "ಇದು ಖರೆ ಆದ್ರ ನಾಳಿಂದ ಲಾಲಸಾಬ್ರು ಈ ಗಾದಿ ಮ್ಯಾಲ ಕೂಡಂಗಿಲ್ಲ. ಕರಿ ಅವ್ರನ್ನ" ಎಂದರು. ಚಾಚಾ ಬಂದು, ಚಾಳೀಸು ಏರಿಸಿ, ಕಾಗದ ನೋಡಿದರು.

"ಅಮಾಸಿ ದಿನದ ಈ ರೊಕ್ಕ ಕಿರ್ದಿಯೊಳಗ ಇಲ್ಲಲ್ರಿ, ಲಾಲಸಾಬ್ರ."

"ಹಳೀ ಕಿರ್ದಿಯೊಳಗ ಹೆಂಗ ಇರ್ತೈತ್ರಿ? ಪೂಜಿ ಆದಮ್ಯಾಲ ಬಂದದ್ದದು."

ಹೋಗಿ ಹೊಸ ಕಿರ್ದಿ ತಂದು ಬಿಚ್ಚಿದರು. ಒಣಗಿದ ಅರಿಷಿಣ-ಕುಂಕುಮದ ಕೆಳಗೆ ಮೊಟ್ಟಮೊದಲ ಜಮಾ, ಅದೇ ಅಮೀನಗಡದ್ದು, ಅಮಾವಾಸ್ಯೆಯದೇ ತಾರೀಖು ಹಾಕಿ. ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆಯ ಆರತಿ ಆಯಿತೆಂದರೆ ಹಳೆಯ ಕಿರ್ದಿ ಮುಚ್ಚಿತು. ಆಮೇಲೆ ಬಂದದ್ದೆಲ್ಲ ಹೊಸದಕ್ಕೆ. ಇಳಕಲ್ಲಿನ ಪೇಟೆಗೆಲ್ಲ ಗೊತ್ತಿದ್ದ ಮಾತು, ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಕಂಪ್ಯೂಟರಿಗೆ, ಆ ವಾರ ನಾನು ಅದರ ಕಡೆಯವನಾಗಿದ್ದೆ.

"ರೊಕ್ಕ ಎಣಿಸಿಕೊಂಡವ್ರು ಯಾರು?" ಸಾವ್ಕಾರ್ರು ಕೇಳಿದರು.

"ಇವ್ರ" ಎಂದು ಚಾಚಾ ನನ್ನ ಕಡೆ ತೋರಿಸಿದರು. "ನಾ ಫಳಾರ ಹಂಚ್ಲಿಕತ್ತಿದ್ದೆ, ಪಾವತಿ ಹರದು ಕೊಡಂತ ಇವರಿಗೆ ಹೇಳಿದ್ದೆ."

ಪಾವತಿ ಪುಸ್ತಕದಲ್ಲಿ ನನ್ನದೇ ಸಹಿ. ಕಂಪ್ಯೂಟರಿಗೆ ಒತ್ತುವಾಗ ಮೊತ್ತ ನೋಡುತ್ತೇವೆ, ಸಹಿ ಯಾರು ನೋಡುತ್ತಾರೆ? ಆದರೆ ಆ ಸಂಜೆ ನಾನು ಬಾದಾಮಿಯಲ್ಲಿ ಅಕ್ಕನ ಮನೆಯಲ್ಲಿದ್ದೆನೆಂದು ಪ್ರಮಾಣ ಮಾಡಲು ಸಿದ್ಧನಿದ್ದೆ. ಅಕ್ಕ ಕೊಟ್ಟ ಕರ್ಚಿಕಾಯಿಯನ್ನು ಮಂಗವೊಂದು ಕೈಯಿಂದ ಕಸಿದುಕೊಂಡು ಗೋಡೆ ಏರಿತ್ತು. ಆ ಮಂಗನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಸಾವಿರದ ಏಳುನೂರಾ ಐವತ್ತು ಎಣಿಸಿದ್ದು ಈಗಲೂ ನೆನಪಿಲ್ಲ.

"ಮೊದಲ ಅವ್ರನ್ನ ಕೇಳಬೇಕಿತ್ತಲ್ಲೋ" ಎಂದಷ್ಟೇ ಸಾವ್ಕಾರ್ರು ಅಂದರು. ಚಾಚಾ ಚಾಳೀಸು ಒರೆಸಿ ತಮ್ಮ ಗಾದಿಗೆ ಹೋದರು. ಅಂದಿನಿಂದ ಅವರ ಬಾಯಲ್ಲಿ ನಾನು "ಸಾಹೇಬ್ರ" ಆದೆ. "ಸಾಹೇಬ್ರ, ಚಾ ಕುಡೀತೀರೇನ್ರಿ?" ಇಡೀ ಒಂದು ವರ್ಷ. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಎರಡೂ ಲೆಕ್ಕ ಹೊಂದಲೇಬೇಕೆಂದು ಸಾವ್ಕಾರ್ರ ಅಪ್ಪಣೆಯಾಗಿತ್ತು. ಮುಂದಿನ ದೀಪಾವಳಿಗೆ ನಾನೊಂದು ಉಪಾಯ ಹೂಡಿ ಚಾಚಾಗೆ ತೋರಿಸಿದೆ: ಪೂಜೆಯಾದ ಮೇಲೆ ಬಂದ ಜಮಾಕ್ಕೆ ಮರುದಿನದ ತಾರೀಖು.

"ರೊಕ್ಕ ಇವತ್ತಲ್ಲೇನು ಬಂದದ್ದು?"

"ಹೌದ್ರಿ ಚಾಚಾ. ಪೂಜಿ ಅಂದ್ರ ಇದಕ್ಕ ತಿಳಿಯೂದಿಲ್ರಿ."

ಪರದೆಯನ್ನು ಇಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು. "ನಾ ಖರೇ ತಾರೀಖು ಬರದು ಕಳ್ಳ ಆಗ್ತಿದ್ದೆ. ನೀ ಸುಳ್ಳು ತಾರೀಖು ಬರದು ಶಾಭಾಸ್ ಅನಿಸ್ಕೋತಿ" ಎಂದರು. ಫಳಾರದ ತಟ್ಟೆ ನನ್ನ ಕಡೆ ಸರಿಸಿ, "ಒತ್ತು ತಮ್ಮಾ, ಒತ್ತು. ಫಳಾರ ಆರ್ತೈತಿ" ಅಂದರು.

ಒತ್ತಿದೆ. ಆ ಕಂಪನಿಯಲ್ಲಿ ಇದ್ದಷ್ಟು ವರ್ಷವೂ ದೀಪಾವಳಿಗೆ ತಪ್ಪದೆ ಆ ಸುಳ್ಳು ಒತ್ತಿದೆ. ಲೆಕ್ಕ ಒಮ್ಮೆಯೂ ತಪ್ಪಲಿಲ್ಲ, ನನ್ನನ್ನು ಯಾರೂ ಖೋಲಿಗೆ ಕರೆಯಲಿಲ್ಲ.