ಕಿಟಕಿಗೂ ಪೆಂಗ್ವಿನ್ನಿಗೂ ಪಂದ್ಯ

ಕನ್ನಡಕದ ಅಂಗಡಿಯ ಯಜಮಾನರಿಗೆ ಇದ್ದ ಕೊರಗು ಒಂದೇ. ಊರಿನವರ ದೃಷ್ಟಿಯನ್ನೆಲ್ಲ ತಿದ್ದಿದವರಿಗೆ ಸ್ವಂತ ಭಾವಮೈದನ ದೃಷ್ಟಿ ತಿದ್ದಲಾಗಲಿಲ್ಲ. ಇವರ ಕಂಪ್ಯೂಟರನ್ನು ನಡೆಸುವುದು ಪೆಂಗ್ವಿನ್ ಗುರುತಿನ ಲಿನಕ್ಸ್, ಅವನದನ್ನು ನಡೆಸುವುದು ವಿಂಡೋಸ್. ಕಾರು ಓಡಿಸಲು ಕಲಿಸುವ ಆ ಭಾವಮೈದ ಭಾನುವಾರ ಊಟಕ್ಕೆ ಬಂದನೆಂದರೆ, ಊಟ ಆರಿದರೂ ವಾದ ಆರುತ್ತಿರಲಿಲ್ಲ.

ಲಿನಕ್ಸ್ ಎಷ್ಟು ಹಗುರ, ಎಷ್ಟು ಸ್ವತಂತ್ರ, ಹಳೇ ಯಂತ್ರಕ್ಕೂ ಯೌವನ ತರುವ ಸಂಜೀವಿನಿ ಎಂದು ಯಜಮಾನರು ಕಣ್ಣು ಮುಚ್ಚಿ ಸ್ತುತಿಸುತ್ತಿದ್ದರು. (ಇದರಲ್ಲಿ ಅರ್ಧ ಸ್ತುತಿ ಹೆಂಡತಿಗೆ ಸಂದಿದ್ದರೆ ಊಟ ಬಿಸಿಯಾಗಿಯೇ ಸಿಗುತ್ತಿತ್ತು.) ಭಾವಮೈದನೂ ಕಡಿಮೆಯವನಲ್ಲ. ವಿಂಡೋಸ್‌ನಲ್ಲಿ ಇಲ್ಲದ ಆಟವಿಲ್ಲ, ಅದಕ್ಕೆ ಒಗ್ಗದ ಪ್ರಿಂಟರಿಲ್ಲ ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಒಂದು ಜಂಬ ಮಾತ್ರ ಇಬ್ಬರದೂ ಒಂದೇ: ತಂದ ದಿನದಿಂದ ನನ್ನದು ಒಮ್ಮೆಯೂ ಸೀನಿಲ್ಲ, ಕೆಮ್ಮಿಲ್ಲ.

ಮನೆಯಾಕೆಗೆ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ. ಆಕೆಯ ದನಿ ಕೇಳಿದರೆ ಓಡುವ ಪ್ರಯಾಣಿಕರೂ ನಿಲ್ಲುತ್ತಾರೆ. "ಅಳಿಯ ಅಲ್ಲ, ಮಗಳ ಗಂಡ. ಎರಡರಲ್ಲೂ ನೀವು ನೋಡೋದು ಸಿನಿಮಾ ತಾನೇ?" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಕೊನೆಗೊಂದು ಭಾನುವಾರ ಪಂದ್ಯವೇ ಏರ್ಪಟ್ಟಿತು. ಇಬ್ಬರೂ ಒಂದೇ ಹೊಸ ಪ್ರೋಗ್ರಾಂ ಹಾಕಬೇಕು. ಯಾರದು ಮೊದಲು ತೆರೆಯುತ್ತದೋ ಅವರದೇ ಗೆಲುವು. ಸೋತವರು ತಮ್ಮದನ್ನು ಅಳಿಸಿ ಗೆದ್ದವರದನ್ನು ಹಾಕಿಸಿಕೊಳ್ಳಬೇಕು. ಭಾವಮೈದ ತನ್ನ ಕಂಪ್ಯೂಟರನ್ನು ಹೊತ್ತು ತಂದ. ತಮ್ಮ ಪೆಂಗ್ವಿನ್ ಮನೆ ಬಿಟ್ಟು ಹೋಗಬೇಕಾದೀತೇ ಎಂದು ಯಜಮಾನರು ಮತ್ತೆ ಮತ್ತೆ ಕನ್ನಡಕ ಒರೆಸಿಕೊಂಡರು.

ಇಬ್ಬರೂ ಒಟ್ಟಿಗೇ ಗುಂಡಿ ಒತ್ತಿದರು. ಹೊಸದನ್ನು ಒಳಗೆ ಬಿಡಲು ಎರಡು ಪರದೆಗಳೂ ಒಟ್ಟಿಗೇ ಪಾಸ್‌ವರ್ಡ್ ಕೇಳಿದವು.

ಯಜಮಾನರು ಅಂಗಡಿಯ ಹೆಸರು ಹಾಕಿದರು, ಒಪ್ಪಲಿಲ್ಲ. ಭಾವಮೈದ ಕಾರಿನ ನಂಬರ್ ಹಾಕಿದ, ಅದೂ ಒಪ್ಪಲಿಲ್ಲ. ತಮ್ಮ ಯಂತ್ರಕ್ಕೊಂದು ಪಾಸ್‌ವರ್ಡ್ ಇದೆ ಎಂಬುದೇ ಇಬ್ಬರಿಗೂ ಹೊಸ ಸುದ್ದಿ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಗಂಟಲು ಸೋತ ಮೇಲೆ ಯಜಮಾನರು ತಗ್ಗಿದ ದನಿಯಲ್ಲಿ ಕೇಳಿದರು: "ಲೇ ಇವಳೇ, ಇದರ ಪಾಸ್‌ವರ್ಡ್ ನಿಂಗೇನಾದ್ರೂ ಗೊತ್ತಾ?"

"ಅಕ್ಕಾ, ನಂದೂ..." ಎಂದ ಭಾವಮೈದ.

ಕೆಲಸಕ್ಕೆ ಹೊರಡಲು ಜಡೆ ಹೆಣೆಯುತ್ತಿದ್ದ ಆಕೆ ನಿಲ್ದಾಣದ ದನಿಯಲ್ಲೇ ಹೇಳಿದರು: "ಇಬ್ಬರೂ ಸುಮ್ಮನಿರಿ."

ಇಬ್ಬರೂ ಸುಮ್ಮನಾದರು. ಕೈ ಕಟ್ಟಿ ಕಾದರು. ಆಕೆಯ ಜಡೆ ಮುಗಿಯಿತು, ಚಪ್ಪಲಿ ಮೆಟ್ಟಿದ್ದೂ ಆಯಿತು.

"ಯಾಕ್ರೀ, ಟೈಪ್ ಮಾಡಲ್ವಾ?"

"ನೀನು ಪಾಸ್‌ವರ್ಡ್ ಹೇಳಿದ್ರೆ ತಾನೇ?"

"ಹೇಳಿದ್ನಲ್ಲ, ಇಬ್ಬರೂ ಸುಮ್ಮನಿರಿ ಅಂತ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಎರಡಕ್ಕೂ ಅದೇ. ಇವನ ಮನೆಗೂ ಹೋಗಿ ವಾರವಾರ ಎರಡನ್ನೂ ಸರಿ ಮಾಡಿಡೋಳು ನಾನು. ನಂಗೆ ಮರೀಬಾರದಲ್ಲ, ಅದಕ್ಕೇ ಪ್ರತಿ ಭಾನುವಾರ ಹೇಳೋ ಮಾತನ್ನೇ ಇಟ್ಟೆ."

ಯಜಮಾನರು ಹೆಂಡತಿ ಹೋದ ದಾರಿಯನ್ನೇ ನೋಡುತ್ತ ನಿಂತರು. ಇಷ್ಟು ದಿನ ತಾವು ಹೊಗಳಿದ್ದೆಲ್ಲ ಯಾರಿಗೆ ಸಲ್ಲಬೇಕಿತ್ತೆಂದು ಈಗ ಹೊಳೆಯಿತು. ಎಂಥ ಹೆಂಗಸಪ್ಪಾ ಎಂದು ಹೆಮ್ಮೆಯೂ ಆಯಿತು. ಇಬ್ಬರೂ ಒಂದೇ ಮನಸ್ಸಿನಿಂದ ಟೈಪ್ ಮಾಡಲು ಕೂತರು.

"ಭಾವ, ಸುಮ್ಮನಿರಿಗೆ ಎಮ್ ಒಂದೋ ಎರಡೋ?"

ಎರಡು ಎಂದರು ಯಜಮಾನರು. ಒಂದೇ ಸಾಕು ಎಂದ ಭಾವಮೈದ. ಒತ್ತಕ್ಷರವೇ ಗೊತ್ತಿಲ್ಲದವನಿಗೆ ಲಿನಕ್ಸ್ ಹೇಗೆ ಅರ್ಥವಾದೀತು ಎಂದು ಇವರು ದನಿ ಏರಿಸಿದರು, ಅವನೂ ಏರಿಸಿದ. ಎರಡು ಕಂಪ್ಯೂಟರುಗಳು ಮಾತ್ರ ಪಾಸ್‌ವರ್ಡಿನ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದವು.