ಇಳಕಲ್ಲಿನಲ್ಲಿ ಏಳದ ಕಂಪ್ಯೂಟರ್

ಇಳಕಲ್ಲಿನ ಒಂದು ಓಣಿಯಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಕಂಪ್ಯೂಟರೊಂದು ಏಳಲಿಲ್ಲ. ಪ್ರಾಣಹಾನಿಯ ವರದಿಯಿಲ್ಲ. ಮನೆಯ ಯಜಮಾನರು ಎರಡನೇ ಸಲದ ಚಹಾ ನಿರಾಕರಿಸಿದರೆಂದು ತಿಳಿದುಬಂದಿದೆ. ನೆರೆಯವರು ಸ್ಥಳಕ್ಕೆ ಧಾವಿಸಿ, ಸ್ವಿಚ್ಚು ಆರಿಸಿ ಹಾಕಿ, ಹಾಕಿ ಆರಿಸಿ, ಪರಿಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿ ಮನೆಗೆ ಮರಳಿದ್ದಾರೆ.

ಇಂಥ ಸುದ್ದಿ ನನಗೆ ದಿನವೂ ಬರುತ್ತಿತ್ತು. ಬಾಗಲಕೋಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ರಿಪೇರಿಯವನು. ಮೊಬೈಲಿಗೆ ಕರೆ ಬಂದರೂ ದುಡ್ಡು ಹೋಗುತ್ತಿದ್ದ ಕಾಲ ಅದು. ಹಾಗಾಗಿ ಜಿಲ್ಲೆಯ ದುಃಖವೆಲ್ಲ ಅಂಗಡಿಯ ಕರಿ ಫೋನಿಗೇ ಬರುತ್ತಿತ್ತು. ಕಂಪ್ಯೂಟರ್ ಏಳದಿದ್ದರೆ ಎಲ್ಲರ ಅನುಮಾನ ಹಾರ್ಡ್‌ಡಿಸ್ಕಿನ ಮೇಲೆ. ಅದು ಕಂಪ್ಯೂಟರಿನ ಹೊಟ್ಟೆಯೊಳಗಿದ್ದು, ನಾವು ಕೊಟ್ಟದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಒಂದು ಲೋಹದ ಡಬ್ಬಿ. ಅದು ಕೈಕೊಟ್ಟರೆ ಕರಿ ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬರುತ್ತದೆ. ಓದಿದವರಿಗೂ ಓದದವರಿಗೂ ಅದರಿಂದ ಆಗುವ ತಿಳಿವಳಿಕೆ ಒಂದೇ.

ಸೋಮವಾರ: ಅರ್ಧ ಟಿಕೆಟ್

ಇಳಕಲ್ಲಿನ ಆ ಯಜಮಾನರು ನಾಲ್ಕು ಪವರ್‌ಲೂಮ್ ಇಟ್ಟುಕೊಂಡ ನೇಕಾರರು. ಎಲ್ಲರೂ ಅವರನ್ನು ಮಾಲಕರು ಎನ್ನುತ್ತಿದ್ದರು. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರಗಳನ್ನು ಚೌಕಳಿ ಹಾಳೆಯಲ್ಲಿ ಬರೆಯುವುದನ್ನು ಬಿಟ್ಟು ಎರಡು ವರ್ಷದಿಂದ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ಎರಡು ವರ್ಷದ ದಡಿಗಳೆಲ್ಲ ಆ ಡಬ್ಬಿಯೊಳಗಿದ್ದವು, ಇನ್ನೆಲ್ಲೂ ಇರಲಿಲ್ಲ. ಶನಿವಾರ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ದಡಿ ಆರಿಸಲು ಬರುವವರಿದ್ದರು. ಆರಿಸಿದರೆ ನಾಲ್ಕು ಮಗ್ಗಕ್ಕೂ ಹಂಗಾಮು ಪೂರ್ತಿ ಕೆಲಸ. ತೋರಿಸಲು ಏನೂ ಇಲ್ಲದಿದ್ದರೆ ವ್ಯಾಪಾರಿ ಬಾಜೂ ಓಣಿಗೆ ಹೋಗುತ್ತಾರೆ, ಮಗ್ಗ ನಿಲ್ಲುತ್ತವೆ.

ಮಾಲಕರು ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಹರಿದಿದ್ದರು.

ನಮ್ಮ ಅಂಗಡಿಯಲ್ಲಿ ಗುಂಡಿ ಒತ್ತಿದ ಕೂಡಲೇ ಅದು ಎದ್ದಿತು.

"ಎದ್ದತಲ್ರೀ, ಮಾಲಕರ."

"ಇಲ್ಲಿ ಏಳ್ತೈತ್ರಿ. ಮನ್ಯಾಗ ಏಳಂಗಿಲ್ಲ."

ಸಂಜೆಯವರೆಗೆ ಹನ್ನೊಂದು ಸಲ ಆರಿಸಿ ಹಾಕಿದೆ. ಹನ್ನೊಂದು ಸಲವೂ ಎದ್ದಿತು. ಅಂಗಡಿಗೆ ಯಾರಾದರೂ ಬಂದಾಗಲೆಲ್ಲ ಮಾಲಕರು ಪರದೆಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಎದ್ದಿರುವಾಗಲೇ ದಡಿಗಳನ್ನು ಜೇಬಿಗೆ ಹಿಡಿಯುವ ಫ್ಲಾಪಿ ಬಿಲ್ಲೆಗೆ ನಕಲು ಮಾಡಿಕೊಳ್ಳೋಣ ಎಂದೆ.

"ಬ್ಯಾಡ್ರಿ. ದಡಿ ಡಬ್ಬಿ ಬಿಟ್ಟು ಹೊರಗ ಬಂತಂದ್ರ ನಾಳೆ ಬಾಜೂ ಓಣ್ಯಾಗ ನೇಯ್ತಾರ."

"ನನ್ನ ಮ್ಯಾಲೂ ನಂಬಿಗಿ ಇಲ್ಲೇನ್ರೀ?"

"ನಿಮ್ಮ ಮ್ಯಾಲ ಐತ್ರಿ ಸರ್ರ. ಫ್ಲಾಪಿ ಮ್ಯಾಲ ಇಲ್ಲ."

ಮತ್ತೆ ಸೀರೆ ಸುತ್ತಿಕೊಂಡು ಹೋದರು. ಮಂಗಳವಾರ ಬೆಳಿಗ್ಗೆ ಕರಿ ಫೋನು ಬಡಿದುಕೊಂಡಿತು. "ಸರ್ರ, ಊರಿಗೆ ಬಂದ ಕೂಡ್ಲೇ ಮತ್ತ ಮಲಗ್ತು."

ಮಂಗಳವಾರ: ಧೂಳಿನ ವಿರುದ್ಧ ಕ್ರಮ

ಇಳಕಲ್ಲಿಗೆ ಹೋಗುವ ದಾರಿಯಲ್ಲೇ ಹುನಗುಂದ. ಅಲ್ಲಿಯ ಒಂದು ಸಣ್ಣ ಕಚೇರಿಯಲ್ಲೂ ಕಂಪ್ಯೂಟರ್ ಎದ್ದಿರಲಿಲ್ಲ. ಕಚೇರಿಯ ಕೆಲಸ ಎಂದಿನಂತೆ ನಿಂತಿತ್ತು. ಅಲ್ಲಿಯ ಹೆಡ್‌ಕ್ಲಾರ್ಕರಿಗೆ ನಾನು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ: ಫ್ಲಾಪಿ ಒಳಗಿದ್ದರೆ ಕಂಪ್ಯೂಟರ್ ಹಾರ್ಡ್‌ಡಿಸ್ಕ್ ಬಿಟ್ಟು ಮೊದಲು ಅದನ್ನೇ ಓದಲು ಹೋಗಿ ನಿಂತುಬಿಡುತ್ತದೆ, ಅದನ್ನು ತೆಗೆಯಿರಿ.

"ತೆಗದೇನ್ರಿ," ಎಂದಿದ್ದರು.

"ಈಗ?"

"ಅದೇ ಎರಡು ಸಾಲು ಬರಾಕತ್ತೈತಿ."

ಹೋಗಿ ನೋಡಿದರೆ ಫ್ಲಾಪಿಯ ಸೀಳಿನಲ್ಲಿ ಫ್ಲಾಪಿ ಇತ್ತು.

"ತೆಗದೇನಿ ಅಂದ್ರೆಲ್ರೀ?"

"ಅದನ್ನ ತೆಗದೇನ್ರಿ. ಇದು ಬ್ಯಾರೇದು. ಖಾಲಿ ಐತಿ, ಒಂದಕ್ಷರ ಇಲ್ಲ ಅದರಾಗ. ಖಾಲಿದ್ದದ್ದು ಹೆಂಗ ಅಡ್ಡ ಬರ್ತೈತಿ?"

"ಖಾಲಿದ್ದದ್ದು ಯಾಕ ಹಾಕಿದ್ರಿ?"

"ಬಾಯಿ ತಕ್ಕೊಂಡು ಕುಂತ್ರ ಒಳಗ ಧೂಳು ಹೋಗ್ತೈತಲ್ರೀ. ಒಂದು ವರ್ಷಾತು, ಮುಂಜಾನೆ ಇದು ಎದ್ದ ಮ್ಯಾಲ ಹಾಕಿ, ಸಂಜಿಗೆ ಆರಿಸೂ ಮುಂದ ತೆಗೀತಿದ್ದೆ. ಶನಿವಾರ ಮಧ್ಯಾಹ್ನ ರಜಾ ಹಾಕಿ ಹೋದೆ. ಯಾರೂ ತೆಗೀಲಿಲ್ಲ."

ಒಂದು ವರ್ಷದಿಂದ ಧೂಳು ನಿಜಕ್ಕೂ ಒಳಗೆ ಹೋಗಿರಲಿಲ್ಲ. ಅಷ್ಟು ಶುಭ್ರವಾದ ಸೀಳನ್ನು ನಾನು ಇಡೀ ಜಿಲ್ಲೆಯಲ್ಲಿ ಕಂಡಿಲ್ಲ. ರಿಪೋರ್ಟಿನ 'ಕಂಡುಬಂದ ದೋಷ' ಎಂಬಲ್ಲಿ ಬಹಳ ಹೊತ್ತು ಯೋಚಿಸಿ 'ಅತಿ ಜೋಪಾನ' ಎಂದು ಬರೆದೆ. ಅವರು ಓದಿ, ಸಂತೋಷಪಟ್ಟು, ಸಹಿ ಹಾಕಿದರು.

ಅದೇ ದಿನ: ಕೈಗುಣ

ಇಳಕಲ್ಲಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಮಾಲಕರು ಒಳಗೆ ಕೂಗಿದರು. "ಮಗ್ಗ ನಿಂದರ್ಸ್ರಲೇ. ಸರ್ ಬಂದಾರ, ಮಾತು ಕೇಳಂಗಿಲ್ಲ." ನಾಲ್ಕೂ ಮಗ್ಗ ನಿಂತವು. ಒಂದು ಓಣಿಯೇ ಉಸಿರು ಹಿಡಿದಂತಾಯಿತು. ಮೊದಲನೆಯ ಮಗ್ಗದ ಪಕ್ಕದಲ್ಲೇ ನೆಲದವರೆಗೆ ಹಳೆಯ ಸೀರೆ ಹೊದಿಸಿದ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಗುಂಡಿ ಒತ್ತಿದೆ. ಎದ್ದಿತು.

ಮಾಲಕರು ಅದನ್ನು ನೋಡಿದ ರೀತಿಯಲ್ಲಿ ಸಂತೋಷಕ್ಕಿಂತ ಅವಮಾನವೇ ಹೆಚ್ಚಿತ್ತು.

ಚಹಾ ಕುಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ನೇಯುವವರೊಬ್ಬರು ಸೈಕಲ್ಲಿನಲ್ಲಿ ಹಿಂದೆಯೇ ಬಂದರು. "ಮತ್ತ ಮಲಗೈತಂತ್ರಿ. ಬರ್ಬೇಕಂತ." ಕ್ಯಾರಿಯರ್ ಮೇಲೆ ಕುಳಿತು ವಾಪಸು ಹೋದೆ. ಮಗ್ಗ ನಿಂತವು. ಚಹಾ ಬಂತು. ಕಂಪ್ಯೂಟರ್ ಎದ್ದಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಲಕರ ಹೆಂಡತಿ, "ಸರ್‌ದು ಕೈಗುಣ ಛಲೋ ಐತ್ರಿ," ಎಂದರು.

"ಕೈಗುಣ ಅಲ್ರೀ ಅಕ್ಕಾರ. ಏನೋ ಕಾರಣ ಐತಿ."

"ಕಾರಣ ನೀವ ಹೇಳ್ಬೇಕಲ್ರೀ. ನಾವು ಕಂಡದ್ದು ಹೇಳೀವಿ."

ಮಾಲಕರು ಒಂದು ಸುಳಿವು ಕೊಟ್ಟರು. "ಕರೆಂಟ್ ಹೋದಾಗ ಯುಪಿಎಸ್ ಮ್ಯಾಲ ಭಾಳ ಛಲೋ ನಡೀತೈತ್ರಿ." ಇದನ್ನು ಕೇಳಿ ನಾನು, ಹತ್ತು ವರ್ಷದ ಅನುಭವದ ಬಲದಿಂದ, ದೋಷವಿರುವುದು ವಿದ್ಯುತ್ತಿನಲ್ಲಿ ಎಂದು ತೀರ್ಮಾನಿಸಿದೆ. ಅರ್ಥಿಂಗ್, ಅಂದರೆ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಸರಿಯಿಲ್ಲ ಎಂದೆ. ಹಿತ್ತಲಲ್ಲಿ ಎದೆಯುದ್ದ ಗುಂಡಿ ತೋಡಿಸಿದೆ. ಇದ್ದಿಲು ಇಸ್ತ್ರಿ ಅಂಗಡಿಯಿಂದ ಬಂತು, ಉಪ್ಪು ಅಡುಗೆಮನೆಯಿಂದ. ಗುಂಡಿ ತೋಡಿದವರು ಮಗ್ಗ ನಡೆಸುವವರೇ, ಹಾಗಾಗಿ ಮಧ್ಯಾಹ್ನವೆಲ್ಲ ಮಗ್ಗ ನಿಂತಿದ್ದವು. ಕಂಪ್ಯೂಟರ್ ಮಧ್ಯಾಹ್ನವೆಲ್ಲ ನಡೆಯಿತು. ನನ್ನ ವಿದ್ಯೆಯ ಬಗ್ಗೆ ನನಗೇ ಗೌರವ ಮೂಡಿತು.

ಬುಧವಾರ ಬೆಳಿಗ್ಗೆ ಫೋನು ಬಂತು. "ಏಳವಲ್ದರಿ ಸರ್ರ. ಆದ್ರ ಮೊದಲ ಮುಟ್ಟಿದ್ರ ಶಾಕ್ ಹೊಡೀತಿತ್ತು, ಈಗ ಹೊಡಿಯಂಗಿಲ್ಲ." ಮಾಲಕರು ಇನ್ನೊಂದು ಮಾತು ಸೇರಿಸಿದರು. "ಒಳಗ ಟಕ್ ಟಕ್ ಅನ್ನಾಕತ್ತೈತ್ರಿ."

ಬುಧವಾರ: ನಾಡಿ

ಟಕ್ ಟಕ್ ಎಂಬುದು ನಮ್ಮ ಕಸುಬಿನಲ್ಲಿ ಒಳ್ಳೆಯ ಶಬ್ದವಲ್ಲ. ಅದನ್ನು ಆ ದಿನವೇ ಎರಡನೇ ಸಲ ಕೇಳಿದ್ದು ಬಾಗಲಕೋಟೆಯ ಒಬ್ಬ ಡಾಕ್ಟರ ದವಾಖಾನೆಯಲ್ಲಿ. ಅವರ ಕಂಪ್ಯೂಟರೂ ಎದ್ದಿರಲಿಲ್ಲ. ನಾನು ಹೋದಾಗ ಅವರು ಅದರ ಮೇಲೆ ಸ್ಟೆತಸ್ಕೋಪ್ ಇಟ್ಟು ಕೈಗಡಿಯಾರ ನೋಡುತ್ತಿದ್ದರು.

"ನಿಮಿಷಕ್ಕ ಎಪ್ಪತ್ತೆರಡು," ಎಂದರು. "ನಾರ್ಮಲ್ ಐತಿ. ಆದ್ರೂ ಎಚ್ಚರ ಆಗವಲ್ದು."

ನಾನು ಡಿಸ್ಕನ್ನು ಬಿಚ್ಚಿ, ಅಂಗಡಿಯಿಂದ ತಂದ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಲ್ಲಿಯೂ ಟಕ್ ಟಕ್. ಹಾರ್ಡ್‌ಡಿಸ್ಕ್ ತೀರಿಕೊಂಡಿತ್ತು. ಹೇಗೆ ಹೇಳುವುದೆಂದು ತಿಳಿಯದೆ ಕೈ ಒರೆಸುತ್ತಾ ನಿಂತೆ.

"ಹೇಳ್ರಿ," ಎಂದರು ಡಾಕ್ಟರು. "ನಾ ಗಟ್ಟಿ ಅದೀನಿ."

"ಹೋಗೈತ್ರಿ ಸರ್."

"ಯಾವಾಗ?"

"ನಾ ಬರೂಕಿಂತ ಮೊದಲ."

ಅವರು ತಲೆಯಾಡಿಸಿದರು. ಬೇಕಿದ್ದರೆ ಹುಬ್ಬಳ್ಳಿಯಲ್ಲಿ ದೊಡ್ಡವರಿದ್ದಾರೆ, ಒಮ್ಮೆ ತೋರಿಸಿ ಎಂದೆ. ಡಾಕ್ಟರು ಸ್ಟೆತಸ್ಕೋಪ್ ಮಡಚಿ ಜೇಬಿಗೆ ಹಾಕಿಕೊಂಡರು. "ಕೈಲಾಗದಿದ್ದಾಗ ನಾನೂ ಹಂಗ ಅಂತೇನ್ರಿ."

ಗುರುವಾರ: ಅಣ್ಣ ತಮ್ಮ

ಬಾದಾಮಿಯಲ್ಲಿ ಅಣ್ಣ ತಮ್ಮ ಕೂಡಿ ನಡೆಸುತ್ತಿದ್ದ ಒಂದು ಅಂಗಡಿಯಿತ್ತು. ಅಣ್ಣ ಲಗ್ನಪತ್ರಿಕೆ ಮಾಡುತ್ತಿದ್ದ, ತಮ್ಮ ಫೋಟೋ. ಆ ವರ್ಷ ಇಬ್ಬರೂ ಬೇರೆಯಾದರು. ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಬಂತು. ಕಂಪ್ಯೂಟರ್ ಒಂದೇ ಇದ್ದುದರಿಂದ ಅದರೊಳಗೆ ಇಬ್ಬರಿಗೂ ಒಂದೊಂದು ಹಾರ್ಡ್‌ಡಿಸ್ಕ್ ಹಾಕಿಕೊಟ್ಟಿದ್ದೆ. ಒಂದೇ ವಯರಿಗೆ ಎರಡು ಹಾಕಿದರೆ ಒಂದನ್ನು ಮೊದಲನೆಯದು, ಇನ್ನೊಂದನ್ನು ಎರಡನೆಯದು ಎಂದು ಗುರುತಿಸಬೇಕು. ಅದಕ್ಕೆ ಪ್ರತಿಯೊಂದರ ಬೆನ್ನಿಗೂ ಜೋಳದ ಕಾಳಿನಷ್ಟು ಒಂದು ಪ್ಲಾಸ್ಟಿಕ್ ತುಣುಕು ಇರುತ್ತದೆ; ಅದನ್ನು ಎಲ್ಲಿ ಸಿಕ್ಕಿಸುತ್ತೇವೋ ಅದರಂತೆ ಡಿಸ್ಕಿನ ಸ್ಥಾನ.

ಒಂದು ತಿಂಗಳ ಹಿಂದೆ ಅದು ಏಳದಿದ್ದಾಗ ತೆರೆದು ನೋಡಿದ್ದೆ. ಎರಡೂ ತುಣುಕು ಮೊದಲನೆಯ ಜಾಗದಲ್ಲಿದ್ದವು.

"ನಾ ಹಿರ್ಯಾ ಅದೀನಿ," ಎಂದಿದ್ದ ಅಣ್ಣ.

"ಕಂಪ್ಯೂಟರ್ ತಂದಾಂವ ನಾ," ಎಂದಿದ್ದ ತಮ್ಮ.

ಸರಿಮಾಡಿ, ಇಬ್ಬರಿಗೂ ಬುದ್ಧಿ ಹೇಳಿ ಬಂದಿದ್ದೆ. ಈ ಗುರುವಾರ ಮತ್ತೆ ಏಳಲಿಲ್ಲವೆಂದು ಕರೆ ಬಂತು. ಹೋದರೆ ಪ್ಲೈವುಡ್ ಗೋಡೆ ಇರಲಿಲ್ಲ. ತಾಯಿ ಮಧ್ಯೆ ಬಿದ್ದು ರಾಜಿ ಮಾಡಿಸಿದ್ದರು, ಇಬ್ಬರೂ ಒಂದೇ ತಟ್ಟೆಯಲ್ಲಿ ಚುರಮುರಿ ತಿನ್ನುತ್ತಿದ್ದರು. ಡಬ್ಬಿ ತೆರೆದೆ. ಎರಡೂ ಎರಡನೆಯ ಜಾಗದಲ್ಲಿದ್ದವು.

"ತಮ್ಮಂದು ಮೊದಲ ಇರ್ಲಿ ಅಂತ ನಂದು ಹಿಂದಕ ಹಾಕಿದ್ನಿರಿ," ಎಂದ ಅಣ್ಣ.

ತಮ್ಮ ನೆಲ ನೋಡಿದ. "ನಾನೂ ಹಂಗ ಮಾಡೇನ್ರಿ."

ಜಗಳವಾಡಿದಾಗ ಒಂದು ತಿಂಗಳಾದರೂ ನಡೆದಿತ್ತು. ಪ್ರೀತಿಯಿಂದ ಒಂದು ದಿನವೂ ಏಳಲಿಲ್ಲ.

ಶುಕ್ರವಾರ: ನಾನು ಮನೆಯವನಾದದ್ದು

ಶುಕ್ರವಾರ ಇಳಕಲ್ಲಿಗೆ ಹೋಗುವಾಗ ಚೀಲದಲ್ಲಿ ಹೊಸ ಹಾರ್ಡ್‌ಡಿಸ್ಕ್ ಇಟ್ಟುಕೊಂಡಿದ್ದೆ. ಡಾಕ್ಟರಿಗೆ ಹೇಳಿದ ಮಾತನ್ನೇ ಮಾಲಕರಿಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಡಾಕ್ಟರು ಕಳೆದುಕೊಂಡದ್ದು ರೋಗಿಗಳ ಹಳೆಯ ಚೀಟಿಗಳು. ಇವರು ಕಳೆದುಕೊಳ್ಳುವುದು ಎರಡು ವರ್ಷದ ದಡಿ. ವ್ಯಾಪಾರಿ ಬರುವುದು ನಾಳೆ.

ಮನೆಯೊಳಗೆ ಹೋದೆ. ಯಾರೂ ಏಳಲಿಲ್ಲ. ಮಾಲಕರು ನೂಲು ಸರಿಪಡಿಸುತ್ತಾ ಕತ್ತು ಮಾತ್ರ ತಿರುಗಿಸಿ, "ಬರ್ರಿ," ಎಂದರು. ಚಹಾ ಬರಲಿಲ್ಲ. ಮೂರನೇ ಸಲಕ್ಕೆ ನಾನು ಆ ಮನೆಯಲ್ಲಿ ಅತಿಥಿಯಾಗಿ ಉಳಿದಿರಲಿಲ್ಲ. ಮಗ್ಗಗಳನ್ನು ಯಾರೂ ನಿಲ್ಲಿಸಲಿಲ್ಲ.

ಗುಂಡಿ ಒತ್ತಿದೆ. ಆ ಕಂಪ್ಯೂಟರ್ ನನ್ನ ಕಣ್ಣೆದುರು ಮೊದಲ ಸಲ ಏಳದೆ ಹೋಯಿತು.

ಕರಿ ಪರದೆಯನ್ನು ನೋಡಿ ಸಾಕಾಗಿ ಕಣ್ಣು ಕೆಳಗಿಳಿಸಿದೆ. ಮೇಜಿಗೆ ಹೊದಿಸಿದ ಸೀರೆಯ ದಡಿ ನಡುಗುತ್ತಿತ್ತು. ಗಾಳಿ ಇರಲಿಲ್ಲ. ಸೀರೆ ಎತ್ತಿ ನೋಡಿದೆ. ಮೇಜಿಗೆ ಎರಡೇ ಕಾಲು. ಇನ್ನೊಂದು ಬದಿಯನ್ನು ಮಗ್ಗದ ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿದ್ದರು.

"ಇದೇನ್ರಿ, ಮಾಲಕರ?" ಎಂದು ಮಗ್ಗದ ಸದ್ದನ್ನು ಮೀರಿ ಕೂಗಿದೆ.

"ಹೋದ ಶನಿವಾರ ಬೆಸಿಗಿ ಹಾಕ್ಸೇನ್ರಿ," ಎಂದು ಅವರೂ ಕೂಗಿದರು. "ಚಿತ್ರ ಬರಿಯೂ ಮುಂದ ಎಳಿ ಹರಿದ್ರ ಕೈಗೆ ಗೊತ್ತಾಗ್ಬೇಕಲ್ರೀ."

ಮಗ್ಗ ನಡೆದಾಗಲೆಲ್ಲ ಹಾರ್ಡ್‌ಡಿಸ್ಕೂ ಮಗ್ಗದ ಜೊತೆ ನೇಯುತ್ತಿತ್ತು. ಬರೆದದ್ದನ್ನು ಓದುವ ಒಳಗಿನ ಸೂಜಿ ತನ್ನ ಜಾಗ ಸಿಗದೆ ಟಕ್ ಟಕ್ ಎಂದು ಹುಡುಕುತ್ತಿತ್ತು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತಿತ್ತು, ಅದು ಏಳುತ್ತಿತ್ತು. ನಾನು ಹೋದರೆ ಮರ್ಯಾದೆಗೆ ಮಗ್ಗ ನಿಲ್ಲಿಸುತ್ತಿದ್ದರು, ಅದು ಏಳುತ್ತಿತ್ತು. ಹಿತ್ತಲ ಗುಂಡಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಮನೆಯಲ್ಲಿ ಮಗ್ಗದಿಂದ ದೂರವಿದ್ದ ಜಾಗ ಒಂದೇ, ಅಂಗಳದ ಆಚೆಗಿನ ಅಡುಗೆಮನೆ. ಅಲ್ಲಿ ಗೋಡೆಯುದ್ದಕ್ಕೂ ಕೆಂಪು ಕಲ್ಲಿನ ಕಟ್ಟೆ ಇತ್ತು. ಅದರ ಒಂದು ತುದಿಗೆ ಕಂಪ್ಯೂಟರ್ ಇಟ್ಟೆವು. ನಾಲ್ಕೂ ಮಗ್ಗ ನಡೆಯುತ್ತಿದ್ದಂತೆಯೇ ಅದು ಎದ್ದಿತು. ಮಾಲಕರು ಕಟ್ಟೆಯ ಮುಂದೆ ಸ್ಟೂಲ್ ಹಾಕಿಕೊಂಡು ಉಳಿದಿದ್ದ ದಡಿಯನ್ನು ಮುಗಿಸಿದರು. ನಾಳೆ ನೀವೂ ಇರಬೇಕು ಎಂದು ಪಟ್ಟು ಹಿಡಿದರು. ಕಾರಣ ಸಿಕ್ಕಿದ್ದರೂ ಕೈಗುಣದ ಮೇಲಿನ ನಂಬಿಕೆ ಅವರಿಗೆ ಪೂರ್ತಿ ಹೋಗಿರಲಿಲ್ಲ.

ಶನಿವಾರ: ವ್ಯಾಪಾರಿ

ವ್ಯಾಪಾರಿ ಸರಿಯಾಗಿ ಊಟದ ಹೊತ್ತಿಗೆ ಬಂದರು. ಮೊದಲು ದಡಿ ನೋಡೋಣ, ಆಮೇಲೆ ಊಟ, ಮೂರು ಗಂಟೆಗೆ ಬಾಜೂ ಓಣಿಗೆ ಹೋಗಬೇಕು ಎಂದರು. ಮಾಲಕರು ಅವರನ್ನು ಅಡುಗೆಮನೆಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ಗುಂಡಿ ಒತ್ತಿದರು.

ಎರಡು ಸಾಲು ಇಂಗ್ಲಿಷ್ ಬಂತು. ಒಳಗೆ ಟಕ್ ಟಕ್.

"ಮಗ್ಗ ನಿಂದರ್ಸ್ರಲೇ," ಎಂದು ಮಾಲಕರು ಅಂಗಳದ ಆಚೆಗೆ ಕೂಗಿದರು. ಮಗ್ಗ ನಿಂತವು. ಮತ್ತೆ ಗುಂಡಿ ಒತ್ತಿದರು. ಟಕ್ ಟಕ್. ಅವರು ನನ್ನ ಕೈ ನೋಡಿದರು. ನಾನು ಒತ್ತಿದೆ. ಟಕ್ ಟಕ್.

ಆಗ ನನಗೆ ಇನ್ನೊಂದು ಸದ್ದು ಕೇಳಿಸಿತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಮಾಲಕರ ಹೆಂಡತಿ ಅತಿಥಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಲ್ಲು ಒಂದೇ ಅಖಂಡ ಹಾಸು. ಪ್ರತಿ ಏಟಿಗೂ ಈ ತುದಿಯ ಚಮಚೆ ಕುಣಿಯುತ್ತಿತ್ತು. ಮಾಲಕರಿಗೆ ಕಣ್ಣಲ್ಲೇ ತೋರಿಸಿದೆ.

"ಏ, ರೊಟ್ಟಿ ನಿಂದರ್ಸ," ಎಂದರು ಅವರು.

ಆಕೆ ಕೈ ನಿಲ್ಲಿಸಲಿಲ್ಲ. "ನಿಮ್ಮ ಮಗ್ಗ ನಿಂದರ್ಸ್ರಿ, ನಾ ಏನೂ ಅನ್ನಂಗಿಲ್ಲ. ರೊಟ್ಟಿ ನಿಂದರ್ಸಿ ಮನಿಗೆ ಬಂದವ್ರಿಗೆ ಏನ್ ಬಡಸ್ಲಿ, ಆ ಡಬ್ಬಿನಾ?"

ಮಾಲಕರು ವ್ಯಾಪಾರಿಯ ಮುಖ ನೋಡಿದರು. ವ್ಯಾಪಾರಿ ರೊಟ್ಟಿಯ ಕಡೆ ನೋಡುತ್ತಿದ್ದರು. "ಮೊದಲ ಊಟನ ಆಗ್ಲಿ ಬಿಡ್ರಿ," ಎಂದರು.

ಹದಿನಾಲ್ಕು ರೊಟ್ಟಿಯಾದವು. ಕೊನೆಯದು ಹಂಚಿಗೆ ಬಿದ್ದ ಮೇಲೆ ಕಂಪ್ಯೂಟರ್ ಎದ್ದಿತು. ವ್ಯಾಪಾರಿ ಕೈ ತೊಳೆದು ಬಂದು ಎರಡು ದಡಿ ಆರಿಸಿದರು. ಅಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಬಾಜೂ ಓಣಿಗೆ ಅವರು ಹೋಗಲಿಲ್ಲ.